ಎಡಬದಿ ಸ್ವಲ್ಪ ತಗ್ಗು

ನಮ್ಮ ಮನೆಯಲ್ಲಿ ರಸಮಟ್ಟ ಇರುವುದು ಅಡುಗೆಮನೆಯಲ್ಲಿ, ಸೌಟುಗಳ ಜೊತೆ. ಗಾರೆಯವರು ಗೋಡೆಯ ಮೇಲೆ ಇಟ್ಟು ನೋಡುತ್ತಾರಲ್ಲ, ಉದ್ದದ ಪಟ್ಟಿ, ನಡುವೆ ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ ಆಚೀಚೆ ಓಡಾಡುತ್ತಿರುತ್ತದೆ, ಅದೇ. ಮೊನ್ನೆ ಹೊಸ ಗ್ಯಾಸ್ ಒಲೆ ಬಂದಾಗ ನಮ್ಮವರು ಅದರ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ದೋಸೆ ಒಂದು ಬದಿ ದಪ್ಪ ಬರುದು ನಿನ್ನ ತಪ್ಪಲ್ಲ" ಎಂದು ತೀರ್ಪು ಕೊಟ್ಟರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ದೋಸೆಯ ಬಗ್ಗೆ ಅವರ ಬಾಯಿಂದ ಬಂದ ಅತಿ ಒಳ್ಳೆಯ ಮಾತು ಅದು.

ಯಾರ ಮನೆಗೆ ಊಟಕ್ಕೆ ಹೋದರೂ ಮೇಜು ಅಲುಗಿದರೆ ಇವರಿಗೆ ಅನ್ನ ಸೇರುವುದಿಲ್ಲ. ಬಾಳೆಲೆಯ ಅಂಚು ಹರಿದು, ಮಡಚಿ, ಮೇಜಿನ ಕಾಲಿನಡಿ ತುರುಕುತ್ತಾರೆ. ನಾನು ಆಗ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತೇನೆ. ಆದರೆ ದೂರುವ ಹಕ್ಕು ನನಗಿಲ್ಲ. ಹೆಣ್ಣು ನೋಡಲು ಬಂದ ದಿನವೇ ಇವರು ತಮ್ಮ ಗುಣವನ್ನು ಸ್ವಲ್ಪವೂ ಮುಚ್ಚಿಡದೆ ತೋರಿಸಿದ್ದರು. ಮುಖಕ್ಕಿಂತ ಮೊದಲು ನಾನು ಕಂಡದ್ದು ಇವರ ಎರಡು ಅಂಗಾಲುಗಳನ್ನು.

ಅದು ಎಪ್ಪತ್ತರ ದಶಕದ ಕೊನೆ. ಸುಳ್ಯ ಪೇಟೆಯಲ್ಲಿ ಅಪ್ಪನ ಜವಳಿ ಅಂಗಡಿ, ಅದರ ಹಿಂದಿನ ಏರಿನಲ್ಲಿ ನಮ್ಮ ಮನೆ. ಅಪ್ಪನಿಗೆ ಒಬ್ಬರು ಸ್ನೇಹಿತರಿದ್ದರು, ರಬ್ಬರ್ ತೋಟವೊಂದರ ಮ್ಯಾನೇಜರು. ಅಂಗಡಿಗೆ ಬಂದರೆ ಬಟ್ಟೆ ನೋಡುವುದಕ್ಕಿಂತ ಸಂಗೀತದ ಮಾತೇ ಹೆಚ್ಚು. ಅವರಿಗೆ ದೂರದ ಊರಿಗೆ ವರ್ಗವಾದಾಗ, ವಿಲಾಯಿತಿಯಿಂದ ತರಿಸಿಕೊಂಡಿದ್ದ ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು ಮತ್ತು ಎರಡು ಸ್ಪೀಕರುಗಳನ್ನು ಅಪ್ಪನಿಗೆ ದಾಟಿಸಿ ಹೋದರು. ಸ್ಪೀಕರೆಂದರೆ ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಮದುವೆಮನೆಯ ತೆಂಗಿನ ಮರಕ್ಕೆ ಕಟ್ಟುವ ಕಹಳೆ. ಇವು ಬೇರೆಯೇ ಜಾತಿ. ನೆಲದ ಮೇಲೆಯೇ ನಿಲ್ಲುವ, ನನ್ನ ಎದೆಮಟ್ಟದ, ಮುಂಭಾಗಕ್ಕೆ ಕಂದು ಬಟ್ಟೆ ಹೊದ್ದ ಮರದ ಪೆಟ್ಟಿಗೆಗಳು. ಜೀಪಿನಿಂದ ಇಳಿಸುವಾಗ ನೆರೆಮನೆಯವರು ನನ್ನ ಮದುವೆಯ ಕಪಾಟು ಎಂದುಕೊಂಡು, "ಜಲಜಾಕ್ಷಿಗೆ ಮದುವೆ ನಿಶ್ಚಯ ಆಯ್ತಾ?" ಎಂದು ವಿಚಾರಿಸಿಕೊಂಡು ಹೋದರು.

ಅಪ್ಪ ಅವುಗಳನ್ನು ಚಾವಡಿಯ ಎರಡು ಮೂಲೆಗಳಲ್ಲಿ ದ್ವಾರಪಾಲಕರಂತೆ ನಿಲ್ಲಿಸಿದರು. ಅವ್ವ ಎರಡಕ್ಕೂ ತಲೆಗೊಂದೊಂದು ಕಸೂತಿ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಳು. ಹಾಡು ಜೋರಾದಾಗೆಲ್ಲ ಎಡಬದಿಯ ಪೆಟ್ಟಿಗೆಗೆ ಚಳಿಜ್ವರ ಬರುತ್ತಿತ್ತು. ಲಟಲಟ ಎನ್ನುತ್ತಿತ್ತು, ಕುಂಡ ತಾನೇ ತಾನಾಗಿ ಅಂಚಿಗೆ ನಡೆದು ಬರುತ್ತಿತ್ತು. ಅಪ್ಪ ಅಂಗಡಿಯಿಂದ ಶರ್ಟಿನ ಒಳಗೆ ಬರುವ ರಟ್ಟು ತಂದು ಅಡಿಗೆ ಕೊಟ್ಟರು. ರಟ್ಟು ಬೆಳೆಯುತ್ತ ಹೋಯಿತು, ಜ್ವರ ಇಳಿಯಲಿಲ್ಲ.

ಆ ಮೂಲೆಯ ವಿಷಯ ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ನಮ್ಮ ಚಾವಡಿಯದ್ದು ಕೆಂಪು ಕಾವಿಯ ನೆಲ. ಬೇಸಿಗೆ ರಜೆಯಲ್ಲಿ ಗೇರುಬೀಜದ ಆಟ ಆಡುವಾಗ, ಯಾರು ಹೇಗೆ ಉರುಳಿಸಿದರೂ ಬೀಜಗಳು ಕೊನೆಗೆ ಆ ಮೂಲೆಗೇ ಹೋಗಿ ಸಭೆ ಸೇರುತ್ತಿದ್ದವು. ಬುದ್ಧಿವಂತೆಯಾದ ನಾನು ಯಾವಾಗಲೂ ಅಲ್ಲೇ ಕೂರುತ್ತಿದ್ದೆ. ಗೆದ್ದ ಬೀಜ ಸುಟ್ಟು ತಿಂದು ಬಾಯಿ ಸುಡಿಸಿಕೊಂಡು, ಶಾಲೆ ಶುರುವಾದಾಗ ತುಟಿಯ ಕಪ್ಪು ಕಲೆಯೊಂದಿಗೆ ಹೋಗಿ ಕೂತದ್ದೂ ಉಂಟು. ನೆಲ ಒರೆಸುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಗೊತ್ತಾಯಿತು, ನೀರು ಕೂಡ ಗೇರುಬೀಜದ ದಾರಿಯನ್ನೇ ಹಿಡಿಯುತ್ತದೆ ಎಂದು. ಕಾವಿ ಹಾಕಿದ ಮೇಸ್ತ್ರಿ ಆ ಮೂಲೆಗೆ ಬರುವ ಹೊತ್ತಿಗೆ ಭೂತದ ನೇಮ ನೋಡುವ ಅವಸರದಲ್ಲಿದ್ದನಂತೆ. ಅಪ್ಪ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ತಾನು ನಿಂತು ಕಟ್ಟಿಸಿದ ಮನೆ ಓರೆಯಾಗಲು ಸಾಧ್ಯವೇ ಇಲ್ಲ, ಓರೆ ಇದ್ದರೆ ವಿಲಾಯಿತಿಯ ಪೆಟ್ಟಿಗೆಯೇ ಓರೆ ಎಂಬುದು ಅವರ ವಾದ.

ಹೀಗಿರುವಾಗ ಪುತ್ತೂರಿನಿಂದ ಸಂಬಂಧ ಬಂತು. ಹುಡುಗನ ಹೆಸರು ಪುರುಷೋತ್ತಮ, ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರು. ತಂದೆ ಇಲ್ಲ, ತಾಯಿಯ ಜೊತೆ ಬರುತ್ತಾರೆ ಎಂದು ಸುದ್ದಿ. ನಮ್ಮ ಕಡೆಯಿಂದ ಮುಖ್ಯರಾಗಿ ಮರ್ಕಂಜದ ಕುಶಾಲಪ್ಪ ಮಾವ ಬಂದು ಕೂತರು. ಅವ್ವನ ಅಣ್ಣ, ನನ್ನ ಸೋದರಮಾವ. ನಮ್ಮಲ್ಲಿ ಸೋದರಮಾವನ ಮಾತಿಲ್ಲದೆ ಮದುವೆಯ ಸೊಲ್ಲೆತ್ತುವ ಹಾಗಿಲ್ಲ. ಹೆಸರಿನಲ್ಲಿ ಮಾತ್ರ ಕುಶಾಲು, ಆಸಾಮಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. (ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ. ಮಾವನ ಸಿಟ್ಟಿನ ಅರ್ಧ ರುಚಿ ಅಲ್ಲೇ ಹೋಯಿತು, ಕ್ಷಮಿಸಿ.)

ಅವ್ವ ನನಗೆ ಅಂಗಡಿಯ ಅತಿ ಒಳ್ಳೆಯ ಸೀರೆ ಉಡಿಸಿ, "ಮೆಲ್ಲ ನಡಿ. ಎಮ್ಮೆ ಹಾಂಗೆ ನುಗ್ಗಬೇಡ" ಎಂದು ಪುನರ್ಪುಳಿ ಶರಬತ್ತಿನ ತಟ್ಟೆ ಕೈಗಿತ್ತಳು. ಗಂಜಿ ಹಾಕಿದ ಹೊಸ ಸೀರೆ, ನೆರಿಗೆ ಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಸಿನೆಮಾದ ನಾಯಕಿಯಂತೆ ತೇಲಿ ಬರಬೇಕೆಂದು ಹೊರಟವಳು ಎಡಗಾಲು ಎತ್ತಿ ಹಾಕುತ್ತ, ಬಲಗಾಲು ಎಳೆಯುತ್ತ ಚಾವಡಿ ತಲುಪಿದೆ. ತಲೆ ತಗ್ಗಿಸಿದ್ದರಿಂದ ಮೊದಲು ಕಂಡದ್ದು ನೆಲ. ನೆಲದ ಮೇಲೆ ಎರಡು ಅಂಗಾಲು. ಅಂಗಾಲುಗಳಾಚೆ ಬೋರಲಾಗಿ ಮಲಗಿದ ಒಬ್ಬ ಗಂಡಸು, ತಲೆ ನಮ್ಮ ಎಡಬದಿಯ ಪೆಟ್ಟಿಗೆಯ ಬುಡದಲ್ಲಿ.

ಆದದ್ದು ಇಷ್ಟು. ಅಪ್ಪ ಹೆಮ್ಮೆಯಿಂದ ಒಂದು ಹಾಡಿನ ತಟ್ಟೆ ಹಾಕಿದ್ದರು. ಪೆಟ್ಟಿಗೆ ಲಟಲಟ ಎಂದಿತು. ಹುಡುಗ "ಒಂದು ನಿಮಿಷ" ಎಂದು ಎದ್ದವನು ನೆಲಕ್ಕೆ ಮಲಗಿಯೇ ಬಿಟ್ಟ. ಅವನ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಪುರ್ಸ, ಹುಡುಗಿ ಬಂದಳು" ಎಂದರು. ಹುಡುಗ ಎದ್ದ. ಅಂಗಿಯ ಎದೆಯಲ್ಲಿ ಕಾವಿಯ ಕೆಂಪು. ತಟ್ಟೆಯಿಂದ ಲೋಟ ತೆಗೆದುಕೊಂಡ, ಕುಡಿಯಲಿಲ್ಲ. ಅವ್ವನ ಕುಂಡವನ್ನು ಕೆಳಗಿಳಿಸಿ, ಲೋಟವನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು, ಬಗ್ಗಿ, ಶರಬತ್ತಿನ ಮಟ್ಟವನ್ನು ನೋಡತೊಡಗಿದ. ನಾನು ಪೌಡರ್ ಹಚ್ಚಿದ ಮುಖ ಹೊತ್ತುಕೊಂಡು ಅಲ್ಲೇ ನಿಂತಿದ್ದೆ.

"ಇದು ಪೆಟ್ಟಿಗೆಯ ತೊಂದರೆಯಾ, ನೆಲದ್ದಾ?" ಎಂದು ಅವನು ತನ್ನಷ್ಟಕ್ಕೇ ಕೇಳಿಕೊಂಡ.

ನನಗೆ ತಡೆಯಲಾಗಲಿಲ್ಲ. "ನೆಲದ್ದು. ಆ ಮೂಲೆ ತಗ್ಗು. ಒರೆಸುವಾಗ ನೀರೆಲ್ಲ ಅಲ್ಲಿಗೇ ಹೋಗುದು" ಎಂದೆ.

"ಎಷ್ಟು ತಗ್ಗು?"

"ಅಳತೆ ಮಾಡಿಲ್ಲ."

ಅವನು ನನ್ನ ಕಡೆ ತಿರುಗಿದ ಹೌದು. ಆದರೆ ಕಣ್ಣುಗಳು ಏನೋ ಲೆಕ್ಕ ಹಾಕುತ್ತಿದ್ದವು. ಮಾವ ಕೆಮ್ಮಿದರು. ಲೋಟ ಜಾರಿ, ಕಸೂತಿ ಬಟ್ಟೆಯ ಮೇಲೆ ಪುನರ್ಪುಳಿಯ ಕೆಂಪು ಚೆಲ್ಲಿತು. ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಮುಂದಿನದ್ದನ್ನು ನನಗೆ ಹೇಳಿದವರು ಅತ್ತೆಯೇ, ಎಷ್ಟೋ ಕಾಲದ ಮೇಲೆ, ತಾವೇ ಹೊಟ್ಟೆ ಹಿಡಿದು ನಗುತ್ತ. ವಾಪಸು ಪುತ್ತೂರಿನ ಬಸ್ಸಿನಲ್ಲಿ ಮಗ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದನಂತೆ. ಅತ್ತೆ, "ಹೇಗುಂಟು ಮಗ?" ಎಂದು ಕೇಳಿದರು. ಮಗ ಹೇಳಿದ್ದು: "ಒಳ್ಳೇದುಂಟು ಅಮ್ಮ. ಎಡಬದಿ ಸ್ವಲ್ಪ ತಗ್ಗು. ಸರಿ ಮಾಡಬಹುದು."

ಅತ್ತೆ ಕೇಳಿದ್ದು ಹುಡುಗಿಯನ್ನು. ಹುಡುಗಿ ಕಾಲೆಳೆದುಕೊಂಡು ಬಂದದ್ದನ್ನು ಅವರೂ ಕಂಡಿದ್ದರು. ಬಸ್ಸು ಕುಂಬ್ರದಲ್ಲಿ ನಿಂತಾಗ, ಅಲ್ಲೇ ಅಂಗಡಿ ಇಟ್ಟಿದ್ದ ಅವರ ತಂಗಿ ಕಿಟಕಿಯ ಹತ್ತಿರ ಓಡಿ ಬಂದು, "ಹುಡುಗಿ ಹೇಗೆ ಅಕ್ಕ?" ಎಂದಳು. ಅತ್ತೆ ಗುಟ್ಟಿನಲ್ಲಿ ಹೇಳಿದರು. ಇಂಜಿನ್ನಿನ ಸದ್ದು ಮೀರಿ ಗುಟ್ಟು ಹೇಳಬೇಕಾದರೆ ಎಷ್ಟು ಗಟ್ಟಿಯಾಗಿ ಹೇಳಬೇಕೋ ಅಷ್ಟು ಗಟ್ಟಿಯಾಗಿ: "ಚಂದ ಉಂಟು. ಆದ್ರೆ ಎಡಗಾಲು ಸ್ವಲ್ಪ ತಗ್ಗಂತೆ."

ಕುಂಬ್ರದ ಆ ಅಂಗಡಿಯಲ್ಲಿ ಸುಳ್ಯದ ಕಡೆಗೆ ಹೋಗುವವರೆಲ್ಲ ಬೀಡಿ, ಬಾಳೆಹಣ್ಣು ಕೊಳ್ಳುತ್ತಿದ್ದರು. ಮರುದಿನ ಬಾಳೆಹಣ್ಣಿನ ಜೊತೆ ನನ್ನ ಎಡಗಾಲನ್ನೂ ಕಟ್ಟಿಕೊಂಡು ಹೋದರು.

ನಮಗೆ ಗೊತ್ತಾದದ್ದು ಕುಶಾಲಪ್ಪ ಮಾವನಿಂದ. ಬಸ್ಸಿಳಿದು ನೇರ ಚಾವಡಿಗೆ ಬಂದು, ಕೊಡೆಯನ್ನು ನೆಲಕ್ಕೆ ಕುಟ್ಟಿ, "ನಮ್ಮ ಗೂಡೆಗೆ ಕುಂಟು ಅಂತೆ! ಎಡಬದಿ ತಗ್ಗು ಅಂತ ಹುಡುಗನೇ ಹೇಳಿದ್ದಂತೆ!" ಎಂದರು. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಅವ್ವ ಒಳಗೆ ಹೋಗಿ ರುಬ್ಬುವ ಕಲ್ಲಿನ ಮುಂದೆ ಕೂತು, ಏನೂ ಹಾಕದ ಕಲ್ಲನ್ನು ಸುಮ್ಮನೆ ತಿರುಗಿಸಿದಳು. ಅಪ್ಪ ಅಂದಿನಿಂದ ಹಾಡು ಹಾಕುವುದನ್ನೇ ಬಿಟ್ಟರು.

ಈಗ ನಗು ಬರುತ್ತದೆ, ಆಗ ಬರಲಿಲ್ಲ. ಅಂಗಡಿಗೆ ಬುತ್ತಿ ಕೊಡಲು ಹೋದರೆ ಸೀರೆ ನೋಡುತ್ತಿದ್ದ ಹೆಂಗಸರು ಸೀರೆ ಬಿಟ್ಟು ನನ್ನ ಪಾದ ನೋಡುತ್ತಿದ್ದರು. ಸುಬ್ರಹ್ಮಣ್ಯದ ಕಡೆಯಿಂದ ಇನ್ನೊಂದು ಸಂಬಂಧ ಬರುವುದರಲ್ಲಿತ್ತು. ಅವರು ಈಗ ಬೇಡ ಎಂದು ಹೇಳಿ ಕಳಿಸಿದರು. ಯಾಕೆಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಇದಕ್ಕಿಂತ ವಿಚಿತ್ರವೆಂದರೆ ನನಗೇ ನನ್ನ ಕಾಲಿನ ಮೇಲೆ ಅನುಮಾನ ಬಂದದ್ದು. ಇಪ್ಪತ್ತೆರಡು ವರ್ಷ ನನ್ನನ್ನು ಹೊತ್ತು ತಿರುಗಿದ ಕಾಲುಗಳು! ಬಚ್ಚಲಿನಿಂದ ಬಂದವಳು ತಿರುಗಿ ನಿಂತು ನನ್ನ ಒದ್ದೆ ಹೆಜ್ಜೆಗಳನ್ನು ಪರೀಕ್ಷಿಸುತ್ತಿದ್ದೆ. ಕನ್ನಡಿಯ ಮುಂದೆ ಲಂಗ ಎತ್ತಿ ಎರಡು ಮಂಡಿಗಳನ್ನು ಹೋಲಿಸುತ್ತಿದ್ದೆ. ಚಪ್ಪಲಿ ಮಗುಚಿ ನೋಡಿದರೆ ಎಡಗಾಲಿನದ್ದೇ ಹಿಮ್ಮಡಿ ಹೆಚ್ಚು ಸವೆದಿತ್ತು. ಆ ದಿನ ನನಗೆ ಮಧ್ಯಾಹ್ನದ ಊಟ ಬೇಡವಾಯಿತು. ಅಂತೂ ಊರಿನವರು ಹೇಳುವುದು ನಿಜವೇ ಇರಬೇಕೆಂದು ತೀರ್ಮಾನಿಸಿ, ಬಲಗಾಲನ್ನು ಸ್ವಲ್ಪ ಬಗ್ಗಿಸಿ ನಡೆಯುವುದನ್ನು ರೂಢಿ ಮಾಡತೊಡಗಿದೆ. ಅದನ್ನು ಕಂಡ ಅವ್ವ ಮತ್ತೂ ಅತ್ತಳು.

ಅದೇ ವಾರದ ಕೊನೆಗೆ, ಭಾನುವಾರ ಬೆಳಿಗ್ಗೆ, ಹುಡುಗ ಒಬ್ಬನೇ ಬಂದ. ಕೈಯಲ್ಲೊಂದು ಬಟ್ಟೆಯ ಚೀಲ, ಹೆಗಲು ಒಂದು ಬದಿಗೆ ವಾಲುವಷ್ಟು ಭಾರ. ಅಂದು ಕುಂಬ್ರದಲ್ಲಿ ತಾಯಿ ಗುಟ್ಟು ಹೇಳುವಾಗಲೂ, ಇಂದು ಬಸ್ಸು ಅಲ್ಲಿ ನಿಂತಾಗಲೂ ಪುಸ್ತಕ ಓದುತ್ತಿದ್ದನಂತೆ. ಊರಿಗೆಲ್ಲ ಹಬ್ಬಿದ ಸುದ್ದಿ ಅದರ ಮೂಲಪುರುಷನಿಗೇ ತಲುಪಿರಲಿಲ್ಲ. ಚಾವಡಿಯಲ್ಲಿ ಮಾವ ಕೂತಿದ್ದರು.

"ಎಂತಕ್ಕೆ ಬಂದದ್ದು?" ಮಾವ ಕೂರಲೂ ಹೇಳಲಿಲ್ಲ.

"ಸರಿ ಮಾಡ್ಲಿಕ್ಕೆ" ಎಂದ ಹುಡುಗ, ಚೀಲ ತೋರಿಸಿ.

"ಹಾಳು ಮಾಡಿದ ಮೇಲೆ ಸರಿ ಮಾಡುದಾ? ಎಡಬದಿ ತಗ್ಗು ಅಂತ ಹೇಳಿದ್ದು ನೀವೇ ಅಲ್ವಾ?"

"ಹೌದು ನಾನೇ. ಜಾಸ್ತಿ ಎಂತ ಇಲ್ಲ. ಹೊರಗಿನವರಿಗೆ ಗೊತ್ತೇ ಆಗುದಿಲ್ಲ."

ಮಾವ ಎದ್ದು ನಿಂತರು. ಅಷ್ಟರಲ್ಲಿ ಅಪ್ಪ ಅವರ ಕೈ ಹಿಡಿದರು. ಅಪ್ಪನ ಕಣ್ಣು ಚೀಲದ ಮೇಲಿತ್ತು. ಮಗಳ ಮಾನದಷ್ಟೇ ಪೆಟ್ಟಿಗೆಯ ಜ್ವರವೂ ಅವರನ್ನು ಸುಡುತ್ತಿತ್ತು ಎಂದು ನನ್ನ ಗುಮಾನಿ. "ಭಾವ, ಕೆಲಸ ಒಂದು ಮಾಡ್ಲಿ. ಮತ್ತೆ ಕೇಳುವ. ಓಡಿ ಹೋಗುದಿಲ್ಲ ಅವರು" ಎಂದರು.

ಹುಡುಗ ಚೀಲ ಬಿಚ್ಚಿದ. ಒಳಗೆ ರಸಮಟ್ಟ, ಕೈಯಿಂದ ತಿರುಗಿಸುವ ಡ್ರಿಲ್ಲು, ಪುತ್ತೂರಿನ ಲೇತ್ ಅಂಗಡಿಯಲ್ಲಿ ಮಾಡಿಸಿದ ದಪ್ಪ ಬೋಲ್ಟುಗಳು, ತುದಿ ಪೆನ್ಸಿಲಿನಂತೆ ಚೂಪು. ಪೆಟ್ಟಿಗೆಯನ್ನು ಚಾಪೆಯ ಮೇಲೆ ಮಲಗಿಸಿ ಅಡಿಗೆ ತೂತು ಕೊರೆಯುವಾಗ ಅಪ್ಪ ಗೋಡೆಯ ಕಡೆ ತಿರುಗಿ ನಿಂತರು. ಒಂದೊಂದಕ್ಕೆ ಮುಂದೆ ಎರಡು, ಹಿಂದೆ ಒಂದು ಬೋಲ್ಟು. "ನಾಲ್ಕು ಕಾಲು ಕೊಟ್ರೆ ಒಂದು ಯಾವಾಗಲೂ ಜಗಳಕ್ಕೆ ನಿಲ್ತದೆ. ಮೂರಾದ್ರೆ ಅಲುಗುದಿಲ್ಲ" ಎಂದು ಅವನು ಯಾರೂ ಕೇಳದಿದ್ದರೂ ವಿವರಿಸಿದ. ಚೂಪು ತುದಿಯಿಂದ ತನ್ನ ಕಾವಿ ನೆಲ ಹಾಳಾಗುತ್ತದೆಂದು ಅವ್ವ ಬಾಗಿಲ ಹಿಂದಿನಿಂದ ಗೊಣಗಿದ್ದು ಕೇಳಿ, ತುದಿಗಳ ಅಡಿಗೆ ಒಂದೊಂದು ಹಿತ್ತಾಳೆಯ ಬಿಲ್ಲೆಯನ್ನೂ ಇಟ್ಟ. ಬಳಿಕ ರಸಮಟ್ಟವನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು, ಎಡಬದಿಯ ಬೋಲ್ಟನ್ನು ಕೂದಲೆಳೆಯಷ್ಟು ತಿರುಗಿಸುವುದು, ಗುಳ್ಳೆ ನೋಡುವುದು, ಮತ್ತೆ ತಿರುಗಿಸುವುದು. ಶರ್ಟಿನ ರಟ್ಟುಗಳೆಲ್ಲ ಹೊರಬಿದ್ದವು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸಿಟ್ಟಿತ್ತು. ಆದರೆ ಗುಳ್ಳೆ ನಡುವಿಗೆ ಬರುತ್ತದೋ ಇಲ್ಲವೋ ಎಂದು ನಾನೂ ಕತ್ತು ಉದ್ದ ಮಾಡಿದ್ದೆ, ಸುಳ್ಳು ಹೇಳಬಾರದು.

ಗುಳ್ಳೆ ನಡುವಿಗೆ ಬಂತು. ಆಗ ಹುಡುಗನಿಗೆ ಇನ್ನೊಂದು ನೆನಪಾಯಿತು. ಕೂತು ಕೇಳುವ ಕುರ್ಚಿಯಿಂದ ಎರಡೂ ಪೆಟ್ಟಿಗೆಗಳು ಸಮದೂರದಲ್ಲಿ ಇರಬೇಕಂತೆ. ಅಳೆಯುವ ಟೇಪು ಪುತ್ತೂರಿನಲ್ಲೇ ಉಳಿದಿತ್ತು. ಅಪ್ಪನ ಮೀಟರ್ ಕೋಲು ಬೀಗ ಹಾಕಿದ ಅಂಗಡಿಯಲ್ಲಿ. ಅವನು ಎರಡೂ ಕೈಗಳಿಂದ ಪೆಟ್ಟಿಗೆ ಹಿಡಿದುಕೊಂಡೇ ಸುತ್ತ ನೋಡಿ, ನನ್ನಲ್ಲಿ ಕಣ್ಣು ನಿಲ್ಲಿಸಿ ಹೇಳಿದ:

"ನೀವು ಒಮ್ಮೆ ನಡೆದು ತೋರಿಸ್ತೀರಾ? ಪಾದಕ್ಕೆ ಪಾದ ತಾಗಿಸಿ. ಎರಡು ಕಡೆ ಸಮ ಉಂಟಾ ನೋಡ್ಬೇಕು."

ಅವ್ವ "ಅಯ್ಯೋ" ಎಂದಳು. ನನ್ನನ್ನು ಎಲ್ಲರ ಎದುರು ಕುದುರೆ ವ್ಯಾಪಾರದಂತೆ ನಡೆಸಿ ನೋಡುವುದೇ? ಸರಿ, ನೋಡಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಬಂದೆ. ಎಡಬದಿಯ ಪೆಟ್ಟಿಗೆಯಿಂದ ಕುರ್ಚಿಯವರೆಗೆ, ಪಾದಕ್ಕೆ ಪಾದ ತಾಗಿಸಿ, ಒಂದೊಂದು ಹೆಜ್ಜೆಯನ್ನೂ ನೆಲಕ್ಕೆ ಬಡಿದು ನಡೆದೆ. ತಿರುಗಿ ಬಲಬದಿಯ ಪೆಟ್ಟಿಗೆಯಿಂದ ಮತ್ತೆ ಕುರ್ಚಿಯವರೆಗೆ. ಅವನು ಗಲ್ಲವನ್ನು ಪೆಟ್ಟಿಗೆಯ ಮೇಲಿಟ್ಟು, ತುಟಿಯಲ್ಲೇ ಎಣಿಸಿ, ಬಹಳ ಬೇಸರದಿಂದ ಹೇಳಿದ:

"ಎಡಬದಿ ಅರ್ಧ ಪಾದ ಕಡಿಮೆ."

"ಅರ್ಧ ಪಾದವಾ!" ಕುಶಾಲಪ್ಪ ಮಾವನ ಕೊಡೆ ಮೇಲೆದ್ದಿತು. "ಮೊದಲು ಸ್ವಲ್ಪ ಅಂತ ಹೇಳಿದ್ದು, ಈಗ ಅರ್ಧ ಪಾದ! ನೋಡಿ ಮಾರಾಯ್ರೆ, ನಮ್ಮ ಗೂಡೆಯ ಎರಡು ಕಾಲೂ ಸಮ ಉಂಟು. ಹುಟ್ಟಿದಾಗ ಎತ್ತಿಕೊಂಡವ ನಾನು. ನಿಮಗೆ ಬೇಡದಿದ್ರೆ ಬೇಡ ಅಂತ ಹೇಳಿ. ಊರಿಡೀ ಕುಂಟಿ ಅಂತ ಸಾರುದು ಯಾವ ನ್ಯಾಯ?"

"ಕಾಲಾ?" ಹುಡುಗ ಬಾಯಿ ಬಿಟ್ಟ. "ಯಾರ ಕಾಲು?"

ಅಪ್ಪ ಮೆಲ್ಲನೆ ಎಲ್ಲವನ್ನೂ ಹೇಳಿದರು. ಕುಂಬ್ರದ ಅಂಗಡಿ, ಬಂದ ಮಾತು, ನಿಂತ ಸಂಬಂಧ. ಕೇಳುತ್ತ ಕೇಳುತ್ತ ಹುಡುಗನ ಮುಖ ಬಿಳುಚಿ, ಬಳಿಕ ಕಿವಿಯ ತುದಿಯಿಂದ ಕೆಂಪಾಗತೊಡಗಿತು. "ಬಸ್ಸಿನಲ್ಲಿ ಅಮ್ಮ ಹೇಗುಂಟು ಅಂತ ಕೇಳಿದ್ದು ಹೌದು" ಎಂದ. "ಕೇಳಿದ್ದು ಸ್ಪೀಕರು ಅಂತ ನಾನು..." ಪೆಟ್ಟಿಗೆ ಬಿಟ್ಟು ಎದ್ದು, ನನ್ನ ಕಡೆ ತಿರುಗಿ ಕೈ ಮುಗಿದ. "ನಾನು ಆ ದಿನ ನಿಮ್ಮ ಕಾಲು ನೋಡಲೇ ಇಲ್ಲ."

"ಮುಖ ಆದ್ರೂ ನೋಡಿದ್ದೀರಾ?" ಎಂದರು ಮಾವ.

ಹುಡುಗ ಸ್ವಲ್ಪ ಯೋಚಿಸಿದ. ಸುಳ್ಳು ಹೇಳಲು ಬರುವವನಾಗಿದ್ದರೆ ಅಲ್ಲಿ ಹೇಳಬೇಕಿತ್ತು. "ಸರಿಯಾಗಿ ಇಲ್ಲ" ಎಂದ. "ಆದ್ರೆ ಇವರು ಆ ಮೂಲೆ ತಗ್ಗು ಅಂತ ಹೇಳಿದ್ರಲ್ಲ, ಅದು ಕೇಳಿದೆ. ವಾರ ಇಡೀ ಅದೇ ಯೋಚನೆ. ನೀರು ಹರಿಯುದನ್ನು ನೋಡಿ ನೆಲ ಹೇಳುವವರು..." ಚೀಲದ ಕಡೆ ನೋಡಿದ. "ಬೋಲ್ಟು ಮಾತ್ರ ಆದ್ರೆ ಪೋಸ್ಟಿನಲ್ಲಿ ಕಳಿಸಬಹುದಿತ್ತು."

ನನಗೆ ಫಕ್ಕನೆ ನಗು ಬಂತು. ವಾರವಿಡೀ ತಡೆದಿದ್ದ ಅಳುವೂ ಅದರ ಹಿಂದೆಯೇ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ. ಮಾವ ಕೊಡೆಯನ್ನು ಗೋಡೆಗೆ ಒರಗಿಸಿದರು. ಅವರ ಮೀಸೆಯ ಒಂದು ತುದಿ ಅಲುಗಿದ್ದನ್ನು ನಾನು ಕಂಡೆ.

ಮರೆಯುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಅಂದು ಸಂಜೆ ಹುಡುಗ ಕುಂಬ್ರದಲ್ಲಿ ಬಸ್ಸಿಳಿದು, ಚಿಕ್ಕಮ್ಮನ ಅಂಗಡಿಯ ಮುಂದೆ ನಿಂತು, ಬೀಡಿ ಕೊಳ್ಳುವವರಿಗೆಲ್ಲ ಕೇಳುವಂತೆ, "ಹುಡುಗಿಯ ಕಾಲು ಸರಿ ಉಂಟು. ತಗ್ಗಿದ್ದದ್ದು ಸ್ಪೀಕರಿನದ್ದು" ಎಂದು ಸಾರಿದನಂತೆ. ಅದೂ ಮರುದಿನ ಬಾಳೆಹಣ್ಣಿನ ಜೊತೆ ಸುಳ್ಯಕ್ಕೆ ಬಂತು. ಹುಡುಗಿಯ ಕಾಲು ಸರಿ, ಪಾಪ, ಹುಡುಗನ ತಲೆಯೇ ಸ್ವಲ್ಪ ಲೂಸು ಎಂಬ ರೂಪದಲ್ಲಿ. ಅಂಗಡಿಗೆ ಬರುವ ಹೆಂಗಸರು ನನ್ನ ಪಾದ ಬಿಟ್ಟು, ಕನಿಕರದಿಂದ ಮುಖ ನೋಡತೊಡಗಿದರು.

ಆದರೆ ಅದಕ್ಕೂ ಮೊದಲು, ಆ ಚಾವಡಿಯಲ್ಲಿ ಇನ್ನೂ ಒಂದು ಕೆಲಸ ಬಾಕಿ ಇತ್ತು. ಹುಡುಗ ಎಡಬದಿಯ ಪೆಟ್ಟಿಗೆಯನ್ನು ಅರ್ಧ ಪಾದ ಹಿಂದಕ್ಕೆ ಸರಿಸಿ, ಮತ್ತೆ ಗುಳ್ಳೆ ನೋಡಿ, ಒಂದು ತಟ್ಟೆ ಹಾಕಿದ. ಅಪ್ಪ ಕೂರಲೆಂದು ಕುರ್ಚಿಯ ಕಡೆ ಹೊರಟರು. ಅದು ಅವರ ಕುರ್ಚಿ.

"ಇವರು ಕೂರಲಿ" ಎಂದ ಹುಡುಗ, ನನ್ನನ್ನು ತೋರಿಸಿ. "ನಡೆದು ಅಳತೆ ಮಾಡಿದ್ದು ಇವರು."

ಹೆಣ್ಣು ನೋಡಲು ಬಂದವನ ಎದುರು, ಸೋದರಮಾವನ ಎದುರು, ಅಪ್ಪನ ಕುರ್ಚಿಯಲ್ಲಿ ಕೂರುವುದೇ? ನಾನು ಅಪ್ಪನ ಮುಖ ನೋಡಿದೆ. ಅವರು ಸರಿದು ನಿಂತರು. ಕೂತೆ.

ಈ ಹಾಡನ್ನು ನಾನು ಎಷ್ಟೋ ಸಲ ಕೇಳಿದ್ದೆ, ಅಡುಗೆಮನೆಯಿಂದ. ಒಗ್ಗರಣೆಯ ಸಾಸಿವೆ ಸಿಡಿಯುವ ನಡುವೆ, ತಪ್ಪಲೆ ತಿಕ್ಕುವ ನಡುವೆ ತುಂಡು ತುಂಡಾಗಿ ಬರುತ್ತಿದ್ದ ಹಾಡು. ಈಗ ಅಲುಗಾಟವಿಲ್ಲ, ಲಟಲಟ ಇಲ್ಲ. ತಂಬೂರಿ ಶುರುವಾಯಿತು. ಬಳಿಕ ಒಬ್ಬ ಹೆಂಗಸಿನ ದನಿ. ಅದು ಎಡಗಡೆಯಿಂದ ಬರಲಿಲ್ಲ, ಬಲಗಡೆಯಿಂದಲೂ ಬರಲಿಲ್ಲ. ಎರಡು ಪೆಟ್ಟಿಗೆಗಳ ನಡುವೆ, ಬರಿಯ ಗೋಡೆ ಇದ್ದ ಜಾಗದಲ್ಲಿ, ಆಕೆ ನಿಂತಿದ್ದಳು. ಹಾಡುವ ಮೊದಲು ಉಸಿರು ತೆಗೆದುಕೊಂಡದ್ದು ಕೇಳಿಸಿತು. ನನಗಾಗಿಯೇ ಬಂದು ನಿಂತಂತಿತ್ತು. ನಾನು ಕಣ್ಣು ಮುಚ್ಚಿದೆ.

ಎಷ್ಟು ಹೊತ್ತಾಯಿತೋ, ಕುರ್ಚಿಯ ಹಿಂದಿನಿಂದ ಹುಡುಗನ ದನಿ, ಬಹಳ ಮೆಲ್ಲಗೆ: "ಹೇಗುಂಟು?"

"ಆಗಬಹುದು" ಎಂದೆ, ಕಣ್ಣು ತೆರೆಯದೆ.

ಬಾಗಿಲಲ್ಲಿ ಅವ್ವನ ಬಳೆ ಸದ್ದಾಯಿತು. ಸಕ್ಕರೆ ತರಲು ಒಳಗೆ ಓಡಿದಳು. ಕುಶಾಲಪ್ಪ ಮಾವ, "ಹುಡುಗಿಯೇ ಬಾಯಿ ಬಿಟ್ಟು ಒಪ್ಪಿದ ಮೇಲೆ ನಮ್ಮದು ಎಂತ ಉಂಟು? ಒಳ್ಳೆಯ ದಿನ ನೋಡುವ" ಎಂದು ಪಂಚಾಂಗ ಕೇಳಿದರು.

ನಾನು ಹೇಳಿದ್ದು ಹಾಡಿಗೆ ಎಂದು ತಿಳಿಸಲು ಬಾಯಿ ತೆರೆದೆ. ಆದರೆ ಆಕೆ ಇನ್ನೂ ಹಾಡುತ್ತಿದ್ದಳು. ನಡುವೆ ಮಾತಾಡುವುದು ಸರಿಯಲ್ಲವೆಂದು ಸುಮ್ಮನಾದೆ.